ಮಕ್ಕಳ ಆರೋಗ್ಯ, ಓದುಗರ ಪ್ರಶ್ನೆ: ಉಣಿಸುವವರಿಗೆ ಬಿಡುವೆಲ್ಲಿದೆ?

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳವು. ಬಹುಪಾಲು ಎರಡು ವರ್ಷದೊಳಗಿನ ಕೂಸುಗಳ ಬಗ್ಗೆಯೇ ಇವೆ. ಸರ್ಕಾರಿ ಆಸ್ಪತ್ರೆಯಿಂದ ನಿವೃತ್ತಳಾದ ಮೇಲೂ ರಾಯಚೂರಿನಲ್ಲಿ ಮಕ್ಕಳನ್ನು ನೋಡುತ್ತಿರುವ ನನಗೆ ಈ ಪತ್ರಗಳ ಹಿಂದಿನ ಮನೆಗಳು ಹೊಸವಲ್ಲ. ಒಂದೇ ವಿಷಯವನ್ನು ಹಲವರು ಕೇಳಿದಲ್ಲಿ ಒಂದು ಪತ್ರವನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ, ಏಕೆಂದರೆ ಅದರಲ್ಲಿರುವ ಮಾತನ್ನು ನಾನು ಪ್ರತಿವಾರವೂ ಕೇಳುತ್ತೇನೆ.

ನನಗೆ 21 ವರ್ಷ. ಮಗಳಿಗೆ ಒಂದೂವರೆ ವರ್ಷ. ಅಂಗನವಾಡಿಯಲ್ಲಿ ತೂಗಿದಾಗ 7 ಕೆ.ಜಿ. 600 ಗ್ರಾಂ ಬಂತು. ಟೀಚರ್ ಕಾರ್ಡಿನ ಹಳದಿ ಪಟ್ಟಿಯಲ್ಲಿ ಚುಕ್ಕೆ ಇಟ್ಟು ‘ತೂಕ ಕಡಿಮೆ’ ಎಂದರು. ಅತ್ತೆಯವರು ‘ನಮ್ಮ ಮನೆತನವೇ ಸಣ್ಣ ಮೈಕಟ್ಟಿನದು, ಬಿಡು’ ಎನ್ನುತ್ತಾರೆ. ಮನೆಯಲ್ಲಿ ಅಕ್ಕಿಗೆ ಕೊರತೆಯಿಲ್ಲ. ಎರಡು ಹೊತ್ತು ಅನ್ನ ಸಾರು ತಿನ್ನಿಸುತ್ತೇವೆ, ನಡುವೆ ಚಹಾ ಬಿಸ್ಕತ್ತು. ನಾನು ಕೂಲಿಗೆ ಹೋದಾಗ ಕೂಸು ಅತ್ತೆಯ ಹತ್ತಿರ ಇರುತ್ತದೆ. ಯಾವ ಟಾನಿಕ್ ಕೊಡಲಿ?
— ಓದುಗಿ, ಸಿಂಧನೂರು ತಾಲ್ಲೂಕು

ತಂಗಿ, ಟಾನಿಕ್ ಬೇಡ. ಆ ದುಡ್ಡಿಗೆ ಶೇಂಗಾ ಮತ್ತು ಮೊಟ್ಟೆ ತೆಗೆದುಕೋ.

ಮೊದಲು ನಿನ್ನ ಅತ್ತೆಯವರ ಮಾತಿಗೆ ಬರುತ್ತೇನೆ. ಅಂಗನವಾಡಿ ಕಾರ್ಡಿನಲ್ಲಿರುವ ಗೆರೆಗಳನ್ನು ಯಾವುದೋ ಶ್ರೀಮಂತ ದೇಶದ ಮಕ್ಕಳನ್ನು ನೋಡಿ ಎಳೆದದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಈ ಮಾನದಂಡವನ್ನು ಹೊರತಂದಾಗ ಬ್ರೆಜಿಲ್, ಘಾನಾ, ನಾರ್ವೆ, ಒಮಾನ್, ಅಮೆರಿಕದ ಮಕ್ಕಳ ಜೊತೆಗೆ ನಮ್ಮ ದೆಹಲಿಯ ಮಕ್ಕಳನ್ನೂ ಅಳೆದಿದ್ದರು. ತಾಯಿಯ ಹಾಲು, ಒಳ್ಳೆಯ ಊಟ, ಶುದ್ಧ ನೀರು, ಲಸಿಕೆ ಸಿಕ್ಕ ಮಕ್ಕಳು ಮೊದಲ ಐದು ವರ್ಷ ಎಲ್ಲಿ ಹುಟ್ಟಿದರೂ ಹೆಚ್ಚುಕಡಿಮೆ ಒಂದೇ ಬಗೆಯಲ್ಲಿ ಬೆಳೆಯುತ್ತಾರೆ ಎಂಬುದು ಅಲ್ಲಿ ಕಂಡಿತು. ಆ ಲೆಕ್ಕದಲ್ಲಿ ಒಂದೂವರೆ ವರ್ಷದ ಹೆಣ್ಣುಮಗುವಿನ ನಡುವಣ ತೂಕ 10 ಕೆ.ಜಿ. 200 ಗ್ರಾಂ. 8 ಕೆ.ಜಿ. 100 ಗ್ರಾಂಗಿಂತ ಕೆಳಗಿದ್ದರೆ ಕಡಿಮೆ ತೂಕ, 7 ಕೆ.ಜಿ. 200 ಗ್ರಾಂಗಿಂತ ಕೆಳಗಿದ್ದರೆ ತೀರಾ ಕಡಿಮೆ. ನಿನ್ನ ಮಗಳು ಇವೆರಡರ ನಡುವೆ ಇದ್ದಾಳೆ. ಟೀಚರ್ ಸರಿಯಾಗಿಯೇ ಹೇಳಿದ್ದಾರೆ.

ಅತ್ತೆಯವರು ಸುಳ್ಳು ಹೇಳುತ್ತಿಲ್ಲ. ಅವರೂ ಸಣ್ಣಗಿರಬಹುದು, ಅವರ ತಾಯಿಯೂ ಸಣ್ಣಗಿದ್ದಿರಬಹುದು. ಅವರು ಕೂಸಾಗಿದ್ದಾಗ ಅವರಿಗೂ ಹೊತ್ತು ಹೊತ್ತಿಗೆ ಉಣಿಸುವವರು ಇರಲಿಲ್ಲ ಎಂದು ಅದಕ್ಕೆ ಅರ್ಥ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳ ಎತ್ತರ ವಯಸ್ಸಿಗೆ ತಕ್ಕಷ್ಟಿಲ್ಲ, ಸುಮಾರು 33 ಮಕ್ಕಳ ತೂಕ ಸಾಲದು. ಇಷ್ಟೊಂದು ಮನೆಗಳಲ್ಲಿ ಒಟ್ಟಿಗೆ ಸಣ್ಣ ಮೈಕಟ್ಟು ಮನೆತನದಿಂದ ಬರುವುದಿಲ್ಲ.

ಇನ್ನು ಅಕ್ಕಿಯ ಮಾತು. ನಿನ್ನ ಊರಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬರುತ್ತದೆ. ಸಿಂಧನೂರು, ಗಂಗಾವತಿಯ ಸೋನಾ ಮಸೂರಿ ರಾಜ್ಯದ ಎಲ್ಲೆಡೆಗೂ ಹೋಗುತ್ತದೆ. ಅಂಥ ಊರಿನಿಂದಲೇ ಈ ಪತ್ರ ಬಂದಿದೆ ಎಂಬುದು ನನಗೆ ಸಂಕಟದ ಸಂಗತಿ. ಆದರೆ ಅದರ ಕಾರಣ ತಿಳಿಯದ್ದೇನಲ್ಲ. ಕೂಸಿನ ಹೊಟ್ಟೆ ಒಂದು ಕೆ.ಜಿ. ತೂಕಕ್ಕೆ ಸುಮಾರು 30 ಮಿ.ಲೀ. ಹಿಡಿಯುತ್ತದೆ. ನಿನ್ನ ಮಗಳ ಹೊಟ್ಟೆಯಲ್ಲಿ ಒಂದು ಸಲಕ್ಕೆ 200 ಮಿ.ಲೀ.ಗಿಂತ ಸ್ವಲ್ಪ ಹೆಚ್ಚು ಹಿಡಿಯಬಹುದು, ಅಷ್ಟೇ. ಬೆಂದ ಅನ್ನದಲ್ಲಿ ಮುಕ್ಕಾಲು ಪಾಲಿನ ಹತ್ತಿರ ನೀರೇ ಇರುತ್ತದೆ, ಮೇಲೆ ಸುರಿದ ತಿಳಿಸಾರು ಮತ್ತೂ ನೀರು. ಹೊಟ್ಟೆ ತುಂಬಿತು ಎಂದು ಕೂಸು ಮುಖ ತಿರುಗಿಸುತ್ತದೆ, ಮೈಗೆ ಬೇಕಾದದ್ದು ಮಾತ್ರ ಸಿಕ್ಕಿರುವುದಿಲ್ಲ. ಹೀಗೆ ದಿನಕ್ಕೆ ಎರಡೇ ಬಾರಿ ಆದರೆ ತೂಕ ಎಲ್ಲಿಂದ ಏರಬೇಕು?

ಆದ್ದರಿಂದ ಊಟ ಗಟ್ಟಿಯಾಗಬೇಕು ಮತ್ತು ಹೊತ್ತುಗಳು ಹೆಚ್ಚಬೇಕು. ಅನ್ನವನ್ನು ತಿಳಿಸಾರಿನ ಬದಲು ಕಟ್ಟಿದ ಬೇಳೆಯಲ್ಲಿ ಕಿವುಚು. ಚಮಚದಿಂದ ಕೆಳಗೆ ಇಳಿದು ಹೋಗದಷ್ಟು ಗಟ್ಟಿಯಿರಲಿ. ಅದಕ್ಕೆ ಒಂದು ಚಹಾ ಚಮಚ ಎಣ್ಣೆ ಅಥವಾ ತುಪ್ಪ ಹಾಕು. ಅಷ್ಟರಲ್ಲೇ ಸುಮಾರು 40 ಕ್ಯಾಲರಿ ಇದೆ, ಹೊಟ್ಟೆಯಲ್ಲಿ ಜಾಗವನ್ನೂ ಹಿಡಿಯುವುದಿಲ್ಲ. ನಮ್ಮ ಮನೆಗಳಲ್ಲಿ ಶೇಂಗಾ ಹಿಂಡಿ ಯಾವಾಗಲೂ ಇರುತ್ತದೆ, ಆದರೆ ಅದರ ಖಾರಕ್ಕೆ ಕೂಸು ಹತ್ತಿರ ಬರುವುದಿಲ್ಲ. ಹುರಿದ ಶೇಂಗಾವನ್ನು ಖಾರ ಹಾಕುವ ಮೊದಲೇ ಕುಟ್ಟಿ, ಬೆಲ್ಲ ಬೆರೆಸಿ ಒಂದು ಡಬ್ಬಿಯಲ್ಲಿ ತೆಗೆದಿಡು. ಇಡೀ ಕಾಳು ಕೊಡಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಪುಟಾಣಿ ಹಿಟ್ಟು, ಹಾಲಿನಲ್ಲಿ ನೆನೆಸಿ ಮೆತ್ತಗಾದ ಜೋಳದ ರೊಟ್ಟಿ, ಸಜ್ಜೆಯ ಗಂಜಿ, ಬೇಳೆಯಲ್ಲಿ ಬೇಯಿಸಿದ ಮೆಂತ್ಯ ಅಥವಾ ರಾಜಗಿರಿ ಸೊಪ್ಪು, ಮೊಸರನ್ನ, ಬಾಳೆಹಣ್ಣು, ದಿನಕ್ಕೊಂದು ಮೊಟ್ಟೆ. ಪಲ್ಯ, ಸಾರಿಗೆ ಖಾರ ಬೀಳುವ ಮುನ್ನ ಕೂಸಿನ ಪಾಲನ್ನು ಬೇರೆ ಬಟ್ಟಲಿಗೆ ತೆಗೆ. ಮೂರು ನಾಲ್ಕು ಊಟ, ನಡುವೆ ಒಂದೆರಡು ತಿನಿಸು. ಎದೆಹಾಲನ್ನೂ ಬಿಡಿಸಬೇಡ, ಎರಡು ವರ್ಷ ತುಂಬುವವರೆಗೂ ಅದಕ್ಕೂ ಮುಂದೆಯೂ ಕೊಡಬಹುದು.

ಚಹಾ ಮಾತ್ರ ಇವತ್ತಿಗೇ ನಿಲ್ಲಬೇಕು. ಊಟದಲ್ಲಿರುವ ಕಬ್ಬಿಣಾಂಶ ಮೈಗೆ ಹತ್ತದಂತೆ ಚಹಾ ತಡೆಯುತ್ತದೆ. ಅದೇ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65ಕ್ಕಿಂತ ಹೆಚ್ಚು ಮಕ್ಕಳಿಗೆ ರಕ್ತಹೀನತೆ ಇತ್ತು. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಸಿರಪ್ ವಾರಕ್ಕೆ ಎರಡು ಬಾರಿ ಒಂದೊಂದು ಮಿ.ಲೀ. ಹಾಕು. ಮಲ ಕಪ್ಪಗಾದರೆ ಹೆದರಬೇಡ. ಐದು ರೂಪಾಯಿಯ ಕುರುಕಲು ಪೊಟ್ಟಣ ಕೂಸಿನ ಕೈಗೆ ಕೊಟ್ಟರೆ ಅಳು ನಿಲ್ಲುತ್ತದೆ, ಜೊತೆಗೆ ಮುಂದಿನ ಊಟದ ಹಸಿವೂ ಹೋಗುತ್ತದೆ. ಆರು ತಿಂಗಳಿಂದ ಮೂರು ವರ್ಷದ ಮಕ್ಕಳಿಗೆಂದು ಅಂಗನವಾಡಿ ಕೊಡುವ ಆಹಾರದ ಪೊಟ್ಟಣವನ್ನು ದಯವಿಟ್ಟು ಮನೆಮಂದಿಗೆಲ್ಲ ಒಂದೇ ಸಲ ಉಪ್ಪಿಟ್ಟು ಮಾಡಿ ಮುಗಿಸಬೇಡಿ. ಅದು ಆ ಕೂಸಿನ ಪಾಲು. ದಿನಕ್ಕೆ 500 ಕ್ಯಾಲರಿ, 12ರಿಂದ 15 ಗ್ರಾಂ ಪ್ರೋಟೀನ್ ಸಿಗಲೆಂದು ಲೆಕ್ಕ ಹಾಕಿ ಕೊಡುವಂಥದ್ದು.

ಈಗ ಹೇಳಬೇಕಾದ ಮುಖ್ಯ ಮಾತು ನಿನಗೆ ಹೇಳುವಂಥದ್ದಲ್ಲ, ನಿನ್ನ ಮನೆಯವರಿಗೆ. ದಿನಕ್ಕೆ ಐದು ಬಾರಿ ಉಣಿಸು ಎಂದು ಬರೆಯುವುದು ನನಗೆ ಸುಲಭ. ಬೆಳಿಗ್ಗೆ ಎಂಟಕ್ಕೆ ನಾಟಿಗೋ ಹತ್ತಿ ಬಿಡಿಸಲಿಕ್ಕೋ ಟಂಟಂ ಹತ್ತಿ ಹೋದ ಹೆಂಗಸು ಸಂಜೆ ಬಂದು, ನೀರು ತುಂಬಿ, ರೊಟ್ಟಿ ಬಡಿದು ಮುಗಿಸುವಷ್ಟರಲ್ಲಿ ಕೂಸು ಮಲಗಿರುತ್ತದೆ. ಒಂದೂವರೆ ವರ್ಷದ ಕೂಸಿಗೆ ಒಂದು ಬಟ್ಟಲು ಊಟ ಉಣಿಸಲು ಅರ್ಧ ಗಂಟೆ ಬೇಕು. ಅದು ಎರಡು ತುತ್ತು ತಿಂದು ಓಡುತ್ತದೆ, ಬೆಕ್ಕನ್ನು ನೋಡುತ್ತದೆ, ಉಗುಳುತ್ತದೆ, ಮತ್ತೆ ಬಾಯಿ ತೆರೆಯುತ್ತದೆ. ಐದು ಬಾರಿ ಎಂದರೆ ಎರಡೂವರೆ ಗಂಟೆ. ಆ ಎರಡೂವರೆ ಗಂಟೆಯನ್ನು ಯಾರು ಕೊಡುತ್ತಾರೆ ಎಂಬುದರ ಮೇಲೆ ಈ ಕೂಸಿನ ತೂಕ ನಿಂತಿದೆ. ಅತ್ತೆಯವರೇ, ಹಗಲಿನ ಮೂರು ಹೊತ್ತು ನಿಮ್ಮದು. ಬಟ್ಟಲು ಮುಂದಿಟ್ಟು ‘ತಿನ್ನಲೊಲ್ಲದು’ ಎನ್ನಬೇಡಿ, ತೊಡೆಯ ಮೇಲೆ ಕೂರಿಸಿಕೊಂಡು ಉಣಿಸಿ. ಕೂಸಿನ ಅಪ್ಪನಿಗೆ ರಾತ್ರಿಯ ಒಂದು ಹೊತ್ತು. ಅವನು ಉಣಿಸಿದರೆ ಆ ಹೊತ್ತಿಗೆ ತಂಗಿ ರೊಟ್ಟಿ ಬಡಿದಾಳು.

ಒಮ್ಮೆ ಆಸ್ಪತ್ರೆಗೂ ತೋರಿಸು. ಮನೆಯಲ್ಲಿ ಯಾರಿಗಾದರೂ ಎರಡು ವಾರ ಮೀರಿದ ಕೆಮ್ಮು ಇದ್ದರೆ ಅದನ್ನು ವೈದ್ಯರಿಗೆ ಹೇಳಲೇಬೇಕು, ಕ್ಷಯದಿಂದಲೂ ಕೂಸು ಸೊರಗುತ್ತದೆ. ಫೆಬ್ರುವರಿ, ಆಗಸ್ಟ್‌ನಲ್ಲಿ ಅಂಗನವಾಡಿಯಲ್ಲಿ ಕೊಡುವ ಜಂತುಹುಳುವಿನ ಮಾತ್ರೆ ತಪ್ಪಿಸಬೇಡ. ತಿಂಗಳಿಗೊಮ್ಮೆ ತೂಗಿಸು. ಈ ವಯಸ್ಸಿಗೆ ತಿಂಗಳಿಗೆ 200 ಗ್ರಾಂ ಏರುವುದು ಸಹಜ, ಹಿಂದೆ ಬಿದ್ದ ಕೂಸು ಚೆನ್ನಾಗಿ ಉಂಡರೆ ಅದಕ್ಕಿಂತ ಹೆಚ್ಚೂ ಏರುತ್ತದೆ. ಎರಡು ತಿಂಗಳಾದರೂ ಮುಳ್ಳು ಕದಲದಿದ್ದರೆ ನನಗೆ ಮತ್ತೆ ಬರೆ.

ಅಂಗನವಾಡಿಯಲ್ಲಿ ನಾಲ್ಕು ವರ್ಷದ ಮಗನಿಗೆ ಮೊಟ್ಟೆ ಕೊಡುತ್ತಾರೆ. ಅವನು ಇಷ್ಟಪಟ್ಟು ತಿನ್ನುತ್ತಾನೆ. ನಮ್ಮ ಮನೆಯಲ್ಲಿ ಬೇಯಿಸುವುದಿಲ್ಲ. ಬೇಸಿಗೆಯಲ್ಲಿ ಉಷ್ಣವಾಗಿ ಗುಳ್ಳೆ ಏಳುತ್ತವೆ ಎಂದು ನೆರೆಯವರು ಹೆದರಿಸುತ್ತಿದ್ದಾರೆ.
— ಓದುಗಿ, ಕುಷ್ಟಗಿ

ಅಮ್ಮಾ, ಬೇಸಿಗೆಯ ಗುಳ್ಳೆಗೆ ಬೆವರು, ಧೂಳು, ಸ್ನಾನಕ್ಕೆ ನೀರಿಲ್ಲದಿರುವುದು ಕಾರಣ. ಬೇಯಿಸಿದ ಮೊಟ್ಟೆಯಲ್ಲಿ ಗುಳ್ಳೆ ಏಳಿಸುವಂಥದ್ದು ಏನೂ ಇಲ್ಲ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ. ನಮ್ಮ ಜೋಳ, ಅಕ್ಕಿ, ಬೇಳೆ ಯಾವುದರಲ್ಲೂ ಇಲ್ಲದ ಬಿ-12 ಜೀವಸತ್ವ ಅದರಲ್ಲಿದೆ. ಶಾಲೆಯ ಮಕ್ಕಳಿಗೆ ಮೊಟ್ಟೆ ಕೊಡುವುದನ್ನು ಸರ್ಕಾರ 2021ರ ಡಿಸೆಂಬರ್‌ನಲ್ಲಿ ಮೊದಲು ಆರಂಭಿಸಿದ್ದು ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮತ್ತು ವಿಜಯಪುರದಲ್ಲಿ. ಇಲ್ಲಿಯ ಮಕ್ಕಳಿಗೆ ಅದು ಎಲ್ಲರಿಗಿಂತ ಮೊದಲು ಬೇಕಿತ್ತು.

ಮನೆಯ ಆಚಾರವನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ತಿನ್ನದ ಮನೆಯ ಮಕ್ಕಳಿಗೆ ಹಾಲು, ಮೊಸರು, ಶೇಂಗಾ, ಬೇಳೆಕಾಳು ಹೆಚ್ಚು ಬೇಕು. ಅದಕ್ಕೆ ಮನೆಯವರು ಕೈಬಿಚ್ಚಿ ಖರ್ಚು ಮಾಡಬೇಕು. ಆದರೆ ಇಷ್ಟಪಟ್ಟು ತಿನ್ನುತ್ತಿರುವ ಮಗುವಿನ ಕೈಯಿಂದ ಮೊಟ್ಟೆಯನ್ನು ಕಸಿದು ಬದಲಿಗೆ ಏನೂ ಕೊಡದಿರುವುದನ್ನು ನಾನು ಒಪ್ಪಲಾರೆ.

ಹತ್ತು ತಿಂಗಳ ಮಗನಿಗೆ ಹಲ್ಲು ಬರುತ್ತಿರುವುದರಿಂದ ಪದೇ ಪದೇ ಭೇದಿ ಆಗುತ್ತಿದೆ. ಭೇದಿ ಆದಾಗ ಊಟ ನಿಲ್ಲಿಸಿ ಗ್ಲೂಕೋಸ್ ಬಾಟಲಿ ಹಾಕಿಸುತ್ತೇವೆ. ನಿಂತ ಮೇಲೆ ಹದಿನೈದು ದಿನದಲ್ಲಿ ಮತ್ತೆ ಶುರು. ಪ್ರತಿ ಸಲವೂ ಸಾವಿರಾರು ರೂಪಾಯಿ ಹೋಗುತ್ತದೆ.
— ಓದುಗ, ರಾಯಚೂರು

ಹಲ್ಲಿಗೂ ಭೇದಿಗೂ ಸಂಬಂಧವಿಲ್ಲ ತಮ್ಮಾ. ಹಲ್ಲು ಬರುವ ವಯಸ್ಸಿಗೇ ಕೂಸು ಅಂಬೆಗಾಲಿಟ್ಟು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತದೆ. ನೆಲ, ಕೈ, ಹಾಲಿನ ಬಾಟಲಿ, ಮುಖ್ಯವಾಗಿ ನೀರು. ನಮ್ಮ ನಗರದಲ್ಲಿ 2022ರ ಬೇಸಿಗೆಯಲ್ಲಿ ಕಲುಷಿತ ನೀರು ಕುಡಿದು ಜನರು ಸತ್ತದ್ದನ್ನು ಯಾರೂ ಮರೆತಿಲ್ಲ. ನದಿಗಳೆರಡರ ನಡುವೆ ಇರುವ ಜಿಲ್ಲೆಯಲ್ಲಿ ಕುಡಿಯುವ ನೀರಿನಿಂದ ಸಾವು ಬರುವುದು ತಡೆಯಲಾಗದ ಸಂಗತಿಯೇನೂ ಅಲ್ಲ. ನಲ್ಲಿಯ ನೀರು ಬಣ್ಣ ಬದಲಿಸಿದರೆ, ವಾಸನೆ ಬಂದರೆ ಓಣಿಯವರೆಲ್ಲ ಸೇರಿ ಬರವಣಿಗೆಯಲ್ಲಿ ದೂರು ಕೊಡಿ, ಸ್ವೀಕೃತಿ ಪಡೆಯಿರಿ. ಅಲ್ಲಿಯವರೆಗೆ ಕೂಸಿನ ನೀರನ್ನು ಕುದಿಸಿ ಆರಿಸಿ ಕೊಡಿ. ಶುದ್ಧ ನೀರಿನ ಘಟಕದ ಕ್ಯಾನು ತಂದರೂ ಅದರೊಳಗೆ ಕೈ ಅದ್ದಿದ ಲೋಟ ಮುಳುಗಿಸಿದರೆ ಏನು ಬಂತು? ಹಾಲಿನ ಬಾಟಲಿಯನ್ನು ಬಿಸಾಡಿ, ಬಟ್ಟಲು ಚಮಚ ಸಾಕು.

ಭೇದಿಗೆ ಬೇಕಾದದ್ದು ಓಆರ್‌ಎಸ್ ಮತ್ತು ಜಿಂಕ್. ಎರಡೂ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತವೆ. ಒಂದು ಲೀಟರಿನ ದೊಡ್ಡ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರ್ ನೀರಿಗೇ ಕಲಸಬೇಕು, ಅರ್ಧರ್ಧ ಮಾಡಬಾರದು. ಒಂದೊಂದು ಚಮಚ ಕುಡಿಸುತ್ತಾ ಹೋಗಿ, ಒಂದು ದಿನದ ಮೇಲೆ ಉಳಿದದ್ದನ್ನು ಚೆಲ್ಲಿ. ಆರು ತಿಂಗಳು ದಾಟಿದ ಕೂಸಿಗೆ ಜಿಂಕ್ 20 ಮಿ.ಗ್ರಾಂ ಮಾತ್ರೆ ದಿನಕ್ಕೊಂದರಂತೆ 14 ದಿನ. ಭೇದಿ ಮೂರನೇ ದಿನಕ್ಕೆ ನಿಂತರೂ ಹದಿನಾಲ್ಕನ್ನೂ ಮುಗಿಸಿ. ನಿಮ್ಮ ಮಗನಿಗೆ ಹದಿನೈದು ದಿನಕ್ಕೆ ಮತ್ತೆ ಬರುತ್ತಿದೆಯಲ್ಲ, ಈ ಕೋರ್ಸು ಮುಗಿಸಿದ ಕೂಸಿಗೆ ಮುಂದಿನ ಎರಡು ಮೂರು ತಿಂಗಳು ಭೇದಿ ಕಡಿಮೆಯಾಗುತ್ತದೆ.

ಓಆರ್‌ಎಸ್ ಎಂದರೆ ಬಡವರ ಔಷಧಿ, ಬಾಟಲಿ ಹಾಕಿಸಿದರೆ ಗಟ್ಟಿ ಚಿಕಿತ್ಸೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರ ಶಿಬಿರದಲ್ಲಿ, ಬಂಗಾಳದ ಬನಗಾಂವ್‌ನಲ್ಲಿ, ಕಾಲರಾ ಹಬ್ಬಿ ಬಾಟಲಿಗಳು ಮುಗಿದುಹೋದವು. ಡಾ. ದಿಲೀಪ್ ಮಹಾಲನಬಿಸ್ ಅವರು ಸಕ್ಕರೆ ಉಪ್ಪಿನ ದ್ರಾವಣವನ್ನು ಡ್ರಮ್ಮುಗಳಲ್ಲಿ ತುಂಬಿಸಿ ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಮೂವತ್ತರ ಹತ್ತಿರವಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಭೇದಿಯಲ್ಲೂ ಕರುಳು ಸಕ್ಕರೆಯನ್ನು ಹೀರುವ ಶಕ್ತಿ ಕಳೆದುಕೊಳ್ಳುವುದಿಲ್ಲ. ಸಕ್ಕರೆ ಒಳಗೆ ಹೋಗುವಾಗ ಉಪ್ಪನ್ನೂ, ಅದರ ಹಿಂದೆ ನೀರನ್ನೂ ಎಳೆದುಕೊಳ್ಳುತ್ತದೆ. ಅಳತೆ ಸರಿಯಿದ್ದರೆ ಮಾತ್ರ ಇದು ನಡೆಯುತ್ತದೆ. ಆದ್ದರಿಂದ ಔಷಧಿ ಅಂಗಡಿಯಲ್ಲಿ ಅದೇ ತರಹದ ಡಬ್ಬಿಯಲ್ಲಿ ಸಿಗುವ ಸಿಹಿ ಪಾನೀಯಗಳನ್ನು ಕೊಳ್ಳಬೇಡಿ, ಸಕ್ಕರೆ ಹೆಚ್ಚಾದರೆ ಭೇದಿಯೂ ಹೆಚ್ಚುತ್ತದೆ.

ಊಟ ನಿಲ್ಲಿಸಬೇಡಿ. ಎದೆಹಾಲು, ಮೊಸರನ್ನ, ಬೇಳೆ ಕಲಸಿದ ಮೆತ್ತನೆಯ ಅನ್ನ ಕೊಡುತ್ತಿರಿ, ನಿಂತ ಮೇಲೆ ಎರಡು ವಾರ ಒಂದು ಹೊತ್ತು ಹೆಚ್ಚು ಉಣಿಸಿ. ಪ್ರತಿ ಭೇದಿಗೂ ಉಪವಾಸ ಕೆಡವಿದ ಕೂಸು ಆ ತಿಂಗಳ ಬೆಳವಣಿಗೆಯನ್ನೇ ಕಳೆದುಕೊಳ್ಳುತ್ತದೆ. ಮಲದಲ್ಲಿ ರಕ್ತ ಕಂಡರೆ, ಕಣ್ಣು ಗುಳಿಬಿದ್ದು ಮಂಕಾದರೆ, ಕುಡಿದದ್ದೆಲ್ಲ ವಾಂತಿಯಾದರೆ, ಆರೇಳು ಗಂಟೆ ಮೂತ್ರ ಹೋಗದಿದ್ದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಓಡಿ. ಆಗ ಬಾಟಲಿಯೂ ಬೇಕಾಗಬಹುದು.

ಮಗಳು ಅಳಿಯ ದೀಪಾವಳಿ ಮುಗಿದ ಮೇಲೆ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತಾರೆ. ನಾಲ್ಕು ವರ್ಷದ ಮೊಮ್ಮಗಳು, ಒಂಬತ್ತು ತಿಂಗಳ ಮೊಮ್ಮಗ ಇದ್ದಾರೆ. ಇಬ್ಬರನ್ನೂ ನನ್ನ ಹತ್ತಿರ ಬಿಡಲೇ ಎಂದು ಕೇಳುತ್ತಿದ್ದಾಳೆ. ಪಕ್ಕದ ಮನೆಯ ಹುಡುಗಿಯಿಂದ ಬರೆಸಿದ್ದೇನೆ.
— ಅಜ್ಜಿ, ದೇವದುರ್ಗ ತಾಲ್ಲೂಕು

ಅವ್ವಾ, ಮೊಮ್ಮಗಳು ನಿಮ್ಮ ಹತ್ತಿರ ಇರಲಿ. ಅಂಗನವಾಡಿಯ ಬಿಸಿಯೂಟ, ಹಾಲು, ಮೊಟ್ಟೆ ಅವಳಿಗೆ ಇಲ್ಲಿಯೇ ಸಿಗುತ್ತದೆ, ಜೊತೆಯ ಮಕ್ಕಳೂ ಇದ್ದಾರೆ. ಒಂಬತ್ತು ತಿಂಗಳವನು ತಾಯಿಯ ಜೊತೆ ಹೋಗಬೇಕು. ಎದೆಹಾಲು ಕುಡಿಯುವ ಕೂಸನ್ನು ಬಿಟ್ಟು ಹೋದರೆ ಅದರ ಅರ್ಧ ಆಹಾರವೇ ಹೋದಂತೆ, ನೀವು ಎಷ್ಟು ಅಕ್ಕರೆಯಿಂದ ನೋಡಿಕೊಂಡರೂ ಆ ಹಾಲನ್ನು ತುಂಬಲಾಗದು.

ಹೊರಡುವ ಮುನ್ನ ಮಗಳಿಂದ ಕೆಲವು ಕೆಲಸ ಮಾಡಿಸಿ. ಒಂಬತ್ತು ತಿಂಗಳಿಗೆ ದಡಾರ–ರುಬೆಲ್ಲಾ ಲಸಿಕೆ ಮತ್ತು ಎ ಜೀವಸತ್ವದ ಹನಿ ಹಾಕಿಸಬೇಕು. ದಡಾರ ಬಂದ ಸೊರಗಿದ ಕೂಸನ್ನು ಉಳಿಸಿಕೊಳ್ಳುವುದು ಕಷ್ಟ. ತಾಯಿ ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬಟ್ಟೆಗಂಟಿನಲ್ಲಿ ಇಡಲಿ, ಅದರ ಫೋಟೊ ಅಳಿಯನ ಮೊಬೈಲಿನಲ್ಲೂ ಇರಲಿ. ಮುಂದಿನ ಲಸಿಕೆಯನ್ನು ಬೆಂಗಳೂರಿನ ಯಾವುದೇ ಸರ್ಕಾರಿ ಆಸ್ಪತ್ರೆಯಲ್ಲಿ ಹಾಕುತ್ತಾರೆ. ಊರು ಬೇರೆ ಎಂದು ಹಿಂದೆ ಕಳಿಸುವಂತಿಲ್ಲ. ಕೆಲಸದ ಜಾಗಕ್ಕೆ ಹತ್ತಿರದ ಅಂಗನವಾಡಿಯಲ್ಲಿ ಹೆಸರು ಬರೆಸಿಕೊಳ್ಳಲು ಅವರಿಗೆ ಹಕ್ಕಿದೆ. ಇಲ್ಲಿಯ ಟೀಚರ್‌ಗೆ ಹೋಗುವ ದಿನವನ್ನು ಹೇಳಿದರೆ ಮೊಬೈಲಿನ ದಾಖಲೆಯಲ್ಲಿ ವರ್ಗಾಯಿಸಲು ಬರುತ್ತದೆ.

ಮೇಸ್ತ್ರಿಗೂ ಒಂದು ಮಾತು ಕೇಳಲಿ. 2025ರ ನವೆಂಬರ್‌ನಲ್ಲಿ ಹೊಸ ಕಾರ್ಮಿಕ ಸಂಹಿತೆ ಜಾರಿಯಾಗುವವರೆಗೆ ಇದ್ದ 1996ರ ಕಟ್ಟಡ ಕಾರ್ಮಿಕರ ಕಾನೂನಿನಂತೆ ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ನೆರಳಿರುವ, ನೋಡಿಕೊಳ್ಳುವವರಿರುವ ಕೋಣೆ ಇರಬೇಕಿತ್ತು. ಬಹಳ ಕಡೆ ಇರುವುದಿಲ್ಲ, ಕೇಳಿದವರೂ ಕಡಿಮೆ. ಕೇಳುವವರು ಹೆಚ್ಚಿದಷ್ಟೂ ಕೊಡುವುದು ಹೆಚ್ಚುತ್ತದೆ ಎಂದು ನಾನು ನಂಬಿದ್ದೇನೆ.

ಊರಿನಲ್ಲೇ ಉಳಿಯುವ ದಾರಿ ಇದ್ದರೆ ಅದನ್ನೂ ನೋಡಿ. ರಾಜ್ಯ ಸರ್ಕಾರ 2023ರಿಂದ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆದಿದೆ. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಮೂರು ವರ್ಷದೊಳಗಿನ ಮಕ್ಕಳನ್ನು ಅಲ್ಲಿ ನೋಡಿಕೊಳ್ಳುತ್ತಾರೆ, ಉಣಿಸುತ್ತಾರೆ. ನಿಮ್ಮ ಪಂಚಾಯಿತಿಯಲ್ಲಿ ಇದೆಯೇ, ಬಾಗಿಲು ತೆರೆದಿರುತ್ತದೆಯೇ ಎಂದು ವಿಚಾರಿಸಿ. ಇಂಥ ಮನೆ ಪ್ರತಿ ಹಳ್ಳಿಯಲ್ಲಿ ಸಂಜೆ ಆರರವರೆಗೆ ತೆರೆದಿರಬೇಕು, ಕೂಲಿಗೆ ಹೋಗುವ ಎಲ್ಲ ತಾಯಂದಿರಿಗೂ ಇರಬೇಕು. ನಾನು ಕಂಡ ಯೋಜನೆಗಳಲ್ಲಿ ರೋಗದ ಬೇರಿಗೆ ಕೈ ಹಾಕಿದ್ದು ಇದೊಂದೇ.

ಪಡಿತರ ಅಕ್ಕಿಯಲ್ಲಿ ಪ್ಲಾಸ್ಟಿಕ್ ಅಕ್ಕಿ ಬರುತ್ತಿದೆ. ನೀರಿಗೆ ಹಾಕಿದರೆ ತೇಲುತ್ತದೆ. ಮಕ್ಕಳಿಗೆ ಅಪಾಯವೇ?
— ಓದುಗ, ಕಾರಟಗಿ

ಅದು ಪ್ಲಾಸ್ಟಿಕ್ ಅಲ್ಲ. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ-12 ಬೆರೆಸಿ ಅಕ್ಕಿಯ ಆಕಾರಕ್ಕೆ ಒತ್ತಿದ ಕಾಳು. ನೂರು ಅಕ್ಕಿಗೆ ಒಂದರ ಲೆಕ್ಕದಲ್ಲಿ ಬೆರೆಸಿರುತ್ತಾರೆ. ಹಗುರವಾಗಿರುವುದರಿಂದ ತೇಲುತ್ತದೆ. ಆರಿಸಿ ಎಸೆಯಬೇಡಿ, ನಾಲ್ಕಾರು ನೀರಿನಲ್ಲಿ ತೊಳೆಯಬೇಡಿ. ಮನೆಯಲ್ಲಿ ಥಲಸ್ಸೇಮಿಯಾದಂಥ ರಕ್ತದ ಕಾಯಿಲೆ ಇರುವ ಮಗು ಇದ್ದರೆ ಮಾತ್ರ ವೈದ್ಯರನ್ನು ಕೇಳಿ.

ನನಗೆ 16 ವರ್ಷ. ಶಾಲೆಯಲ್ಲಿ ರಕ್ತ ಪರೀಕ್ಷೆ ಮಾಡಿದಾಗ ಹಿಮೋಗ್ಲೋಬಿನ್ 8.2 ಬಂತು. ಸುಸ್ತಾಗುತ್ತದೆ. ಬೇಸಿಗೆಯಲ್ಲಿ ಮದುವೆ ಮಾಡುತ್ತೇವೆ ಎನ್ನುತ್ತಿದ್ದಾರೆ. ಮದುವೆಯಾದ ಮೇಲೆ ರಕ್ತ ತಾನಾಗಿ ಹೆಚ್ಚುತ್ತದೆಯೇ?
— ಸಿರುಗುಪ್ಪ ತಾಲ್ಲೂಕು

ಇಲ್ಲ ಮಗಳೇ, ಹೆಚ್ಚುವುದಿಲ್ಲ. ಬಸಿರಾದರೆ ಇನ್ನೂ ಇಳಿಯುತ್ತದೆ. ನಿನ್ನ ಮೈಯೇ ಇನ್ನೂ ಬೆಳೆಯುತ್ತಿದೆ. ಬೆಳೆಯುವ ಮೈಯೊಳಗೆ ಇನ್ನೊಂದು ಕೂಸು ಬೆಳೆಯಲು ಹೊರಟರೆ ಇಬ್ಬರಿಗೂ ಸಾಲುವುದಿಲ್ಲ. ಹೆರಿಗೆ ಕಷ್ಟವಾಗುತ್ತದೆ, ಕೂಸು ತೂಕವಿಲ್ಲದೆ ಹುಟ್ಟುತ್ತದೆ. ಮೇಲಿನ ಪತ್ರಗಳಲ್ಲಿ ಬಂದ ಕೂಸುಗಳಂಥ ಎಷ್ಟೋ ಕೂಸುಗಳ ಕಥೆ ತಾಯಿಗೆ 16 ಇದ್ದಾಗಲೇ ಶುರುವಾಗಿರುತ್ತದೆ.

8.2 ಎಂದರೆ ಚಿಕಿತ್ಸೆ ಬೇಕು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆ ಸಾಲದು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗು. ದಿನವೂ ತೆಗೆದುಕೊಳ್ಳುವ ಮಾತ್ರೆ ಕೊಡುತ್ತಾರೆ, ಮೂರು ತಿಂಗಳು ಬಿಡದೆ ನುಂಗಬೇಕು. ಊಟದ ಮೇಲೆ ನಿಂಬೆರಸದ ನೀರಿನೊಂದಿಗೆ ತೆಗೆದುಕೋ. ಆಗ ಹೊಟ್ಟೆ ತೊಳಸುವುದು ಕಡಿಮೆ. ಚಹಾ ಆಮೇಲೆ ಎರಡು ಗಂಟೆ ಬೇಡ. ಮುಟ್ಟಿನಲ್ಲಿ ರಕ್ತ ಹೆಚ್ಚು ಹೋಗುತ್ತಿದ್ದರೆ ನಾಚದೆ ಹೇಳು.

ಮದುವೆಯ ಮಾತು. 2006ರ ಕಾನೂನಿನಂತೆ 18 ತುಂಬದ ಹುಡುಗಿಗೆ ಮದುವೆ ಮಾಡುವುದು ಅಪರಾಧ. ಕರ್ನಾಟಕ ಮಾಡಿಕೊಂಡ ತಿದ್ದುಪಡಿಯಂತೆ ಅಂಥ ಮದುವೆ ನಮ್ಮ ರಾಜ್ಯದಲ್ಲಿ ಮದುವೆಯೇ ಅಲ್ಲ. 1098ಕ್ಕೆ ಫೋನ್ ಮಾಡು. ದುಡ್ಡು ಬೀಳುವುದಿಲ್ಲ, ಹಗಲು ರಾತ್ರಿ ಎತ್ತುತ್ತಾರೆ, ನಿನ್ನ ಹೆಸರನ್ನು ಗುಟ್ಟಾಗಿ ಇಡುತ್ತಾರೆ. ಅದಕ್ಕೂ ಮೊದಲು ನಿನಗೆ ನಂಬಿಕೆಯಿರುವ ಟೀಚರ್ ಒಬ್ಬರ ಹತ್ತಿರ ಹೇಳು. ತಂದೆತಾಯಿ ನಿನ್ನ ವೈರಿಗಳಲ್ಲ, ಖರ್ಚಿಗೂ ಊರ ಮಾತಿಗೂ ಹೆದರಿದ್ದಾರೆ. ಈ ಪುಟವನ್ನು ಅವರಿಗೆ ಓದಿ ತೋರಿಸು. ನೀನು ಪತ್ರ ಬರೆದದ್ದು ಒಳ್ಳೆಯದಾಯಿತು.

ನಾನು ಅಂಗನವಾಡಿ ಕಾರ್ಯಕರ್ತೆ. ನನ್ನ ಕೇಂದ್ರದಲ್ಲಿ ತೋಳಿನ ಪಟ್ಟಿ ಕೆಂಪಿಗೆ ಬಂದ ಎರಡು ಮಕ್ಕಳಿದ್ದಾರೆ. ಜಿಲ್ಲಾಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಿ ಎಂದರೆ ತಾಯಂದಿರು ಮುಖಕ್ಕೇ ಬಾಗಿಲು ಹಾಕುತ್ತಾರೆ. ಮೇಲಿನವರು ಏಕೆ ಸೇರಿಸಿಲ್ಲ ಎಂದು ನನ್ನನ್ನು ಕೇಳುತ್ತಾರೆ. ಏನು ಮಾಡಲಿ?
— ಮಾನ್ವಿ ತಾಲ್ಲೂಕು

ತಂಗಿ, ಮೊದಲು ಓದುಗರಿಗೆ ಒಂದೆರಡು ಮಾತು. ಆರು ತಿಂಗಳಿಂದ ಐದು ವರ್ಷದ ಮಗುವಿನ ಎಡತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಪಟ್ಟಿ ಕೆಂಪು ತೋರಿಸುತ್ತದೆ, ಅದು ತೀವ್ರ ಅಪೌಷ್ಟಿಕತೆ. ಎರಡೂ ಪಾದ ಬಾತಿದ್ದರೂ ಅಷ್ಟೇ. ಅಂಥ ಕೂಸಿಗೆ ನೆಗಡಿ, ಭೇದಿಯೂ ಪ್ರಾಣಕ್ಕೆ ಬರಬಹುದು. ಹಸಿವು ಸತ್ತುಹೋಗಿದ್ದರೆ, ಜ್ವರ ಅಥವಾ ಬಾವು ಇದ್ದರೆ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಬಹಳ ದಿನ ಸೊರಗಿದ ಮೈಗೆ ಒಮ್ಮೆಲೇ ಹೊಟ್ಟೆತುಂಬ ಉಣಿಸಿದರೆ ಹೃದಯ ತಾಳಲಾರದು. ಆದ್ದರಿಂದ ಅಲ್ಲಿ ಮೊದಲು ಎರಡೆರಡು ಗಂಟೆಗೊಮ್ಮೆ ಅಳತೆಯ ಹಾಲು, ಆಮೇಲೆ ಗಟ್ಟಿ ಹಾಲು, ನಂತರ ಊಟ. ಸಾಮಾನ್ಯವಾಗಿ 14 ದಿನ.

2011ರಲ್ಲಿ ನಮ್ಮ ಜಿಲ್ಲೆಯ ಮಕ್ಕಳು ಅಪೌಷ್ಟಿಕತೆಯಿಂದ ಸಾಯುತ್ತಿರುವ ವರದಿಗಳು ರಾಜ್ಯವನ್ನೇ ಕಲಕಿದವು. ಆಮೇಲೆ ಹೈಕೋರ್ಟ್ ನ್ಯಾಯಮೂರ್ತಿ ಎನ್.ಕೆ. ಪಾಟೀಲರ ಸಮಿತಿ ರಚನೆಯಾಯಿತು, ಕೇಂದ್ರಗಳಿಗೆ ಗಮನ ಬಂತು. ಹಾಸಿಗೆಗಳಿವೆ, ಹಾಲಿದೆ, ನರ್ಸ್‌ಗಳಿದ್ದಾರೆ. ಆದರೂ ತಾಯಿ ಬಾರದಿರುವುದಕ್ಕೆ ಅವಳ ಅಜ್ಞಾನ ಕಾರಣ ಎಂದು ಸಭೆಗಳಲ್ಲಿ ಹೇಳುವುದನ್ನು ಕೇಳಿದಾಗ ನನಗೆ ಸಿಟ್ಟು ಬರುತ್ತದೆ. ಅವಳಿಗೆ ಮನೆಯಲ್ಲಿ ಇನ್ನೆರಡು ಮಕ್ಕಳಿದ್ದಾರೆ. ಎಮ್ಮೆಯಿದೆ. ಹತ್ತಿ ಒಡೆದು ನಿಂತಿದೆ. ಹದಿನಾಲ್ಕು ದಿನದ ಕೂಲಿ ಹೋದರೆ ಸಂಘದ ಕಂತು ತಪ್ಪುತ್ತದೆ. ಬಸುರಿ, ಬಾಣಂತಿಯರಿಗೆ ಅಂಗನವಾಡಿಯಲ್ಲೇ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆ 2017ರಲ್ಲಿ ಪ್ರಾಯೋಗಿಕವಾಗಿ ಆರಂಭವಾದ ತಾಲ್ಲೂಕುಗಳಲ್ಲಿ ನಿಮ್ಮ ಮಾನ್ವಿಯೂ ಒಂದು. ಮಧ್ಯಾಹ್ನ ಹೊಲದಲ್ಲಿರುವ ಬಸುರಿ ಅಂಗನವಾಡಿಗೆ ನಡೆದು ಬಂದು ಉಣ್ಣುವುದು ಹೇಗೆ ಎಂಬ ತೊಡಕನ್ನು ನೀವೇ ಕಣ್ಣಾರೆ ಕಂಡಿರುತ್ತೀರಿ. ಇದೂ ಅದೇ ತೊಡಕು.

ಆದ್ದರಿಂದ ಬಾಗಿಲಲ್ಲಿ ನಿಂತು ‘ನಿನ್ನ ಕೂಸು ಅಪೌಷ್ಟಿಕ’ ಎನ್ನಬೇಡಿ. ನಾಲ್ಕು ಜನರ ಮುಂದಂತೂ ಬೇಡವೇ ಬೇಡ, ಅವಳಿಗೆ ಅದು ‘ನೀನು ಕೂಸಿಗೆ ಉಣಿಸಿಲ್ಲ’ ಎಂದು ಕೇಳಿಸುತ್ತದೆ. ಸಂಜೆ ಗಂಡನೂ ಅತ್ತೆಯೂ ಮನೆಯಲ್ಲಿರುವಾಗ ಹೋಗಿ. ಪಟ್ಟಿಯನ್ನು ಅವರ ಕೈಗೇ ಕೊಟ್ಟು ಅವರಿಂದಲೇ ತೋಳು ಅಳೆಸಿ. ಪಕ್ಕದ ಮನೆಯ ಅದೇ ವಯಸ್ಸಿನ ಮಗುವನ್ನು ಮಾತ್ರ ಹೋಲಿಕೆಗೆ ತರಬೇಡಿ. ಆಮೇಲೆ ಒಂದೊಂದಾಗಿ ಕೇಳಿ: ಉಳಿದ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ? ತವರಿನಿಂದ ಯಾರಾದರೂ ಬರಬಹುದೇ? ಅಜ್ಜಿಯೇ ಕೂಸಿನ ಜೊತೆ ಕೆಲವು ದಿನ ಇರಬಹುದೇ? ಕಂತು ಯಾವ ದಿನ? ಸಂಘದವರ ಹತ್ತಿರ ನೀವೇ ಮಾತನಾಡಿ ಒಂದು ಕಂತು ಮುಂದೂಡಿಸಲು ಆಗುತ್ತದೆಯೇ? ಕೇಂದ್ರದಲ್ಲಿ ತಾಯಿಗೂ ಊಟ ಸಿಗುತ್ತದೆ, ದಿನಗೂಲಿ ನಷ್ಟಕ್ಕೆ ಹಣವೂ ಬರುತ್ತದೆ ಎಂದು ತಿಳಿಸಿ. ಅದು ಖಾತೆಗೆ ಬರಲು ತಡವಾಗುತ್ತದೆ ಎಂಬುದನ್ನೂ ಮುಚ್ಚಿಡಬೇಡಿ. ಬ್ಯಾಂಕ್ ಪುಸ್ತಕ, ಆಧಾರ್ ಪ್ರತಿ ಚೀಲದಲ್ಲಿ ಇಟ್ಟುಕೊಂಡೇ ಹೊರಡಿಸಿ.

ಸೇರಿಸುವ ದಿನ ಸಾಧ್ಯವಾದರೆ ನೀವು ಅಥವಾ ಆಶಾ ಜೊತೆಗೆ ಹೋಗಿ. ರಾಯಚೂರಿನ ದೊಡ್ಡಾಸ್ಪತ್ರೆಯಲ್ಲಿ ಚೀಟಿ ಮಾಡಿಸುವ ಸಾಲು ಯಾವುದು, ಮಕ್ಕಳ ವಿಭಾಗ ಯಾವ ಮಹಡಿ ಎಂದು ತಿಳಿಯದೆ ಮರಳಿ ಬಸ್ ಹತ್ತಿದ ತಾಯಂದಿರನ್ನು ನಾನು ನೋಡಿದ್ದೇನೆ. ನಿಮ್ಮ ಮೇಲಿನವರಿಗೆ ಬರೆಯುವಾಗ ‘ತಾಯಿ ಒಪ್ಪಲಿಲ್ಲ’ ಎಂದಷ್ಟೇ ಬರೆಯಬೇಡಿ. ‘ಎರಡು ಮಕ್ಕಳನ್ನು ನೋಡಿಕೊಳ್ಳುವವರಿಲ್ಲ’, ‘ಹತ್ತಿ ಬಿಡಿಸುವ ಕಾಲ’ ಎಂದು ಕಾರಣ ಬರೆಯಿರಿ. ಅದೇ ಕಾರಣ ಹತ್ತು ಕೇಂದ್ರಗಳಿಂದ ಬಂದರೆ ಯಾರಾದರೂ ಅದಕ್ಕೆ ಉತ್ತರ ಕೊಡಬೇಕಾಗುತ್ತದೆ.

ಏನು ಮಾಡಿದರೂ ಬರುವುದಿಲ್ಲ ಎಂದರೆ, ಕೂಸಿಗೆ ಹಸಿವಿದ್ದು ಜ್ವರ, ಬಾವು ಇಲ್ಲದಿದ್ದರೆ, ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಿ ಮನೆಯಲ್ಲೇ ಚಿಕಿತ್ಸೆ ಶುರು ಮಾಡಿ, ವಾರಕ್ಕೊಮ್ಮೆ ತೂಗಿ. ಸೇರಿ ಗುಣವಾಗಿ ಬಂದ ಮಕ್ಕಳನ್ನು 15 ದಿನಕ್ಕೊಮ್ಮೆಯಂತೆ ನಾಲ್ಕು ಬಾರಿ ಮತ್ತೆ ತೋರಿಸಬೇಕು. ಆ ದಿನಾಂಕಗಳನ್ನು ತಾಯಿಯ ಕಾರ್ಡಿನಲ್ಲಿ ಬರೆದರೆ ಸಾಲದು, ಗಂಡನ ಮೊಬೈಲಿನಲ್ಲೂ ಹಾಕಿಸಿ.